ಮೀಸೆಯ ನಾದಿನಿ

ವರ್ಷಕ್ಕೆ ಮೂರು ದಿನ ನಮ್ಮ ಮನೆಯವರು ಅಂಗಳದಲ್ಲಿ, ಹೋಗಿಬರುವವರ ಕಣ್ಣೆದುರಿಗೇ, ಪಟ್ಟಾಪಟ್ಟಿ ಚಡ್ಡಿಯಲ್ಲಿ ಕುಳಿತು ಸ್ನಾನ ಮಾಡುತ್ತಾರೆ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದೆನ್ನುತ್ತಾರೆ, ನನಗೆ ಅಂಥ ನಾಚಿಕೆಯಿಲ್ಲ: ಯಮನೂರಪ್ಪ. ಮನೆಯಲ್ಲಿ ಬಚ್ಚಲು ಇಲ್ಲವೆಂದಲ್ಲ. ಬಿಳಿ ಟೈಲ್ಸ್ ಹಾಕಿಸಿದ, ಬಾಗಿಲಿಗೆ ಚಿಲಕವಿರುವ ಬಚ್ಚಲಿದೆ. ಆದರೆ ಪಂಚಮಿ ಬಂತೆಂದರೆ ಅದರ ನಡುಮಧ್ಯೆ ನನ್ನ ನಾದಿನಿ ಬಂದು ನಿಂತಿರುತ್ತಾಳೆ.

ನಾದಿನಿ ಎಂದರೆ ಕಲ್ಲು. ನನ್ನ ಎದೆಮಟ್ಟ ಬರುವ ಕರಿಕಲ್ಲು. ಅದರ ಮೇಲೆ ಕತ್ತಿ ಹಿರಿದ ಒಬ್ಬ ಗಂಡಸಿದ್ದಾನೆ, ಅವನ ಹಿಂದೆ ದನಗಳಿವೆ, ಅವನ ಮುಖದಲ್ಲಿ ಕಿವಿಯಿಂದ ಕಿವಿಗೆ ಮೀಸೆಯಿದೆ. ದನ ಕದಿಯಲು ಬಂದವರೊಡನೆ ಬಡಿದಾಡಿ ಸತ್ತವನಂತೆ. ಸಾಯಲಿ, ಒಳ್ಳೆಯ ಕೆಲಸವೇ. ಆದರೆ ಇಂಥ ಗಂಡಸಿಗೆ ನಾನು ವರ್ಷಾ ವರ್ಷಾ ಎಣ್ಣೆ ಹಚ್ಚಿ, ನೀರೆರೆದು, ಅರಿಶಿನ ಕುಂಕುಮ ಇಟ್ಟು, ಖಣ ಏರಿಸಿ ಉಡಿ ತುಂಬಬೇಕು. ಯಾಕೆಂದು ಕೇಳಿದರೆ ನಮ್ಮ ಅತ್ತೆ ಬಸಲಿಂಗವ್ವನದು ಒಂದೇ ಮಾತು.

"ಕೊಟ್ಟದ್ದೆಲ್ಲಾ ಹೆಣ್ಣ. ಮೀಸಿ ಇದ್ರೇನು, ಕೊಂಬ ಇದ್ರೇನು?"

ಕೊಟ್ಟದ್ದೂ ಆಕೆಯೇ. ನಾನು ಈ ಮನೆಗೆ ಬಂದಾಗ ಅದು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅದರ ಬೆನ್ನ ಮೇಲೆ ನಾವು ಬಟ್ಟೆ ಒಗೆಯುತ್ತಿದ್ದೆವು. ಊರಿನಲ್ಲಿ ಮ್ಯೂಸಿಯಂ ಮಾಡಬೇಕೆಂದು ಹಾಲಸ್ವಾಮಿ ಎಂಬ ಸಾಹೇಬರು ಬಂದರು, ಮನೆಮನೆಯ ಹಿತ್ತಲು ಹೊಕ್ಕರು, ನಮ್ಮ ಒಗೆಯುವ ಕಲ್ಲನ್ನು ಹೊರಳಿಸಿ ನೋಡಿ ಅಲ್ಲೇ ಕೆಸರಿನಲ್ಲಿ ಮಂಡಿಯೂರಿ ಕುಳಿತುಬಿಟ್ಟರು. "ಯವ್ವಾ, ಇದನ್ನ ನಮಗ ಕೊಡತೀಯೇನ?" ಎಂದು ಕೇಳಿದರು. ನಮ್ಮ ಅತ್ತೆಗೆ ಮಗಳಿಲ್ಲ. ಗಂಡುಮಕ್ಕಳನ್ನಷ್ಟೇ ಹೆತ್ತವಳು. ಅವಳಿಗೆ ಜನ್ಮದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು, "ಕೊಡೂದೇನ ಕೊಡತೀನಿ. ವರ್ಷಕ್ಕೊಮ್ಮಿ ಪಂಚಮಿಗೆ ಕಳಿಸಬೇಕು" ಎಂದಳು. ಸಾಹೇಬರು ನಕ್ಕು, "ಹೂಂ ಬೇ, ಕಳಿಸ್ತೀವಿ" ಎಂದರು. ಎಲೆ ಅಡಿಕೆ ಕೈ ಬದಲಾಯಿತು. ಆಮೇಲೆ ಊರಿನ ಹೆಂಗಸರೆಲ್ಲ ಅದೇ ಕರಾರಿನ ಮೇಲೆ ತಮ್ಮ ತಮ್ಮ ಮನೆಯ ಕಲ್ಲು, ಗಡಿಗೆ, ತಾಮ್ರಪಟ ಕೊಟ್ಟರು. ಮುಂದಿನ ಪಂಚಮಿಗೆ, ಹಬ್ಬದ ಮೊದಲ ದಿನವಾದ ರೊಟ್ಟಿ ಹಬ್ಬದಂದು ಬೆಳಕು ಹರಿಯುವಾಗ ಎಲ್ಲವೂ ತಮ್ಮ ತಮ್ಮ ತವರಿಗೆ ಬಂದಿದ್ದವು. ಅವತ್ತಿನಿಂದ ಹೀಗೇ ನಡೆದಿದೆ. ನಮ್ಮೂರಲ್ಲಿ ಮ್ಯೂಸಿಯಮ್ಮಿಗೆ ಮ್ಯೂಸಿಯಂ ಅನ್ನುವವರಿಲ್ಲ, ಬೀಗರ ಮನೆ ಅನ್ನುತ್ತಾರೆ.

ಬರುವುದು ಅವು ತಾವೇ ಬರುತ್ತವೆ. ಹೋಗಲಿಕ್ಕೆ ಮಾತ್ರ ಕರೆದೊಯ್ಯುವವರು ಬೇಕು. ಹಬ್ಬ ಮುಗಿದ ಮೇಲೆ ಹಾಲಸ್ವಾಮಿಯವರು ಟೆಂಪೋ ತಗೊಂಡು, ಕಾಯಿ ಬಾಳೆಹಣ್ಣು ಹಿಡಿದು ಮನೆಮನೆಗೆ ಬರುತ್ತಿದ್ದರು. ಕುಳಿತು ಒಂದು ಉಂಡಿ ತಿಂದು, ಚಹಾ ಕುಡಿದು, "ಕಳಿಸಿಕೊಡ್ರಿ ಬೀಗ್ರ" ಎನ್ನುತ್ತಿದ್ದರು. ಮಂಗಳವಾರ, ಶುಕ್ರವಾರ ಬಂದವರಲ್ಲ. ನಿಮ್ಮ ಹುಡುಗಿ ಹಾಗಿದ್ದಾಳೆ ಹೀಗಿದ್ದಾಳೆ, ಧೂಳು ಕೂರಗೊಡುವುದಿಲ್ಲ, ನೋಡಲು ಬಂದವರೆಲ್ಲ ಹೊಗಳಿದರು ಎಂದು ಅತ್ತೆಗೆ ಹೇಳಿ ಹೋಗುತ್ತಿದ್ದರು. ಅದನ್ನು ಕೇಳಿ ಅವಳು ಊರಿಗೆಲ್ಲ ಹೇಳುತ್ತಿದ್ದಳು. ನನ್ನ ಬಗ್ಗೆ ಯಾರಾದರೂ ಅಷ್ಟು ಹೊಗಳಿದ್ದರೆ ನಾನೂ ಸ್ವಲ್ಪ ಮೆತ್ತಗಾಗುತ್ತಿದ್ದೆನೇನೋ.

ಬೇರೆಯವರ ಮನೆಯಲ್ಲೂ ಇದೇ ಪಾಡು, ಆದರೆ ಅವರಿಗೆ ನನ್ನಷ್ಟು ಕಾಟವಿಲ್ಲ. ಎದುರು ಮನೆಯ ದುರುಗವ್ವ ಕೊಟ್ಟದ್ದು ಒಂದು ಕೆಂಪು ಮಣಿ. ಅದು ಎಲ್ಲಿ ಬಂದು ಕುಳಿತಿದೆಯೆಂದು ಅಕ್ಕಿಡಬ್ಬಿ, ಹಾಸಿಗೆಯ ಸಂದಿಯಲ್ಲೆಲ್ಲ ಹುಡುಕುವಷ್ಟರಲ್ಲಿ ಅವರ ಹಬ್ಬ ಮುಗಿಯುತ್ತದೆ. ಮಣಿಗೆ ಉಡಿ ತುಂಬಲು ಒಂದು ಅಕ್ಕಿಕಾಳು ಸಾಕು. ನಮ್ಮದಕ್ಕೆ ಸೇರು ಅಕ್ಕಿ, ಐದು ಉತ್ತತ್ತಿ, ಇಡೀ ಕೊಬ್ಬರಿ ಬಟ್ಟಲು. ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಬೇಕೆಂದು ಒಂದು ವರ್ಷ ಅತ್ತೆ ಹಟ ಹಿಡಿದು ಅದನ್ನು ಜೋಕಾಲಿಗೆ ಕಟ್ಟಿಸಿದಳು. ಬೇವಿನ ಕೊಂಬೆ ಮುರಿದು ನಮ್ಮ ಮನೆಯವರ ಕಾಲ ಪಕ್ಕದಲ್ಲೇ ಬಿತ್ತು. ಆಮೇಲಿಂದ ಜೋಕಾಲಿಯ ಹಗ್ಗವನ್ನೇ ತಂದು ಅದಕ್ಕೆ ಮುಟ್ಟಿಸುತ್ತೇವೆ. ಇನ್ನು ಬಚ್ಚಲಿನ ವಿಷಯ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ, ಆ ಕಲ್ಲು ಬಿದ್ದಿದ್ದ ಜಾಗದಲ್ಲೇ ಗೌಂಡಿ ಬಚ್ಚಲು ಕಟ್ಟಿದ. ಕಲ್ಲಿಗೆ ಹೊಸ ಮನೆಯ ನಕ್ಷೆ ಯಾರು ಕೊಡಬೇಕು? ತನ್ನ ಜಾಗಕ್ಕೇ ಬರುತ್ತದೆ.

ಹಾಲಸ್ವಾಮಿಯವರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಅವರ ಜಾಗಕ್ಕೆ ರಾಜಧಾನಿಯಿಂದ ಪ್ರಫುಲ್ಲಚಂದ್ರ ಎಂಬ ಚಿಕ್ಕ ವಯಸ್ಸಿನ ಸಾಹೇಬ ಬಂದ. ಕಳೆದ ವರ್ಷ ಪಂಚಮಿ ಮುಗಿದ ಮಾರನೆಯ ದಿನ, ಟೆಂಪೋ ಅಲ್ಲ, ಲಾರಿ ತಗೊಂಡು ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಕಾಯಿಲ್ಲ, ಹಣ್ಣಿಲ್ಲ.

"ಈ ಕಲ್ಲು ರಾಜಧಾನಿಯ ದೊಡ್ಡ ಮ್ಯೂಸಿಯಮ್‌ಗೆ ಹೋಗುತ್ತೆ ಕಣಮ್ಮ. ನನಗೂ ವಾಪಸ್ ಅಲ್ಲಿಗೇ ವರ್ಗ ಆಗಿದೆ. ಬೇಗ ತೆಗೆಸಿಕೊಡಿ" ಎಂದ.

ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹೋಗಲಿ ಮಾರಾಯ, ರಾಜಧಾನಿಗಾದರೂ ಹೋಗಲಿ, ಸಮುದ್ರಕ್ಕಾದರೂ ಹೋಗಲಿ. ಆದರೆ ಅವತ್ತು ಶುಕ್ರವಾರ. ಸಿಟ್ಟಿನವಳು ಎಂದರೆ ಬುದ್ಧಿಯಿಲ್ಲದವಳು ಎಂದಲ್ಲ.

"ಶುಕ್ರವಾರ ಹೆಣ್ಣ ಕಳಸೂದಿಲ್ರಿ. ನಾಳಿ ಬರ್ರಿ" ಎಂದೆ.

"ಹೆಣ್ಣಾ? ಅದು ವೀರಗಲ್ಲು. ಗಂಡಸು."

"ಅದನ್ನ ನಮ್ಮತ್ತಿ ಮುಂದ ಹೇಳ್ರಿ."

ಹೇಳಿದ. ಅತ್ತೆ ಕೋಲು ನೆಲಕ್ಕೆ ಕುಟ್ಟಿದಳು. ಲಾರಿಯ ಡ್ರೈವರ್ ನಮ್ಮ ಕಡೆಯವನು, ಶುಕ್ರವಾರ ನಾನೂ ಗಾಡಿ ತೆಗೆಯುವುದಿಲ್ಲ ಎಂದುಬಿಟ್ಟ. ಸಾಹೇಬ ಅವತ್ತೆಲ್ಲ ನಮ್ಮ ಕಟ್ಟೆಯ ಮೇಲೆ ಕುಳಿತ. ಕುಳಿತವನಿಗೆ ಊಟ ಹಾಕದೆ ಇರಲಾಗುತ್ತದೆಯೇ? ಖಡಕ್ ರೊಟ್ಟಿ ಮುರಿಯಲು ಬರುವುದಿಲ್ಲ, ಕೆಂಪು ಚಟ್ನಿ ಖಾರವಾಯಿತೆಂದು ಮೂಗು ಒರೆಸಿಕೊಳ್ಳುತ್ತಾನೆ, ಕೇಳಿದರೆ ಸಾಕು ಎನ್ನುತ್ತಾನೆ, ಹಾಕಿದರೆ ಉಣ್ಣುತ್ತಾನೆ.

ಅತ್ತೆಯನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. "ದೊಡ್ಡ ಮನಿ ಅತ್ತಿ. ಫ್ಯಾನ್ ಐತಿ, ಲೈಟ್ ಐತಿ, ಬಾಗಲದಾಗ ಬಂದೂಕ ಹಿಡಕೊಂಡ ಕಾವಲುಗಾರ ಅದಾನ" ಎಂದೆ. ಮಾರನೆಯ ದಿನ ಕಲ್ಲನ್ನು ಲಾರಿಗೆ ಏರಿಸಿದ ಮೇಲೆ ಅವಳು ಸಾಹೇಬನ ಕೈ ಹಿಡಿದು ಕೇಳಿದಳು.

"ವರ್ಷಕ್ಕೊಮ್ಮಿ ಪಂಚಮಿಗೆ ಕಳಸ್ತೀರಿಲ್ಲೋ?"

ಸಾಹೇಬ ಕೈಗಡಿಯಾರ ನೋಡಿಕೊಂಡು, "ನೋಡೋಣಮ್ಮ" ಎಂದ.

ನನಗೆ ಆ ಮಾತು ಗೊತ್ತು. ನಮ್ಮ ತವರು ನದಿಯಾಚೆ, ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ನನ್ನ ಮದುವೆಯಲ್ಲಿ ಇದೇ ಅತ್ತೆ ನಮ್ಮಣ್ಣ ಈಶಪ್ಪನನ್ನು ಕೇಳಿದ್ದಳು: "ಪಂಚಮಿಗೆ ತಂಗೀನ ಕರಿಯಾಕ ಬರತೀಯಿಲ್ಲೋ?" ಅವನೂ "ನೋಡೋಣ" ಎಂದಿದ್ದ. ನೋಡುತ್ತಲೇ ಇದ್ದಾನೆ. ಅವ್ವ ಇದ್ದಾಗ ಒಮ್ಮೆ ಬಂದಿದ್ದ, ಅಷ್ಟೆ. ಕರೆಯದೆ ಹೋಗುವವಳು ನಾನಲ್ಲ. ನನ್ನ ಮಗಳಿಗೆ ಈಗ ಮದುವೆಯ ವಯಸ್ಸು. ವರ್ಷಾ ವರ್ಷಾ ಪಂಚಮಿಗೆ ಇಡೀ ಊರಿನ ಕಲ್ಲು ಮಣ್ಣು ತವರಿಗೆ ಬಂದು ಕುಳಿತು ಉಂಡಿ ತಿನ್ನುವಾಗ, ಅವಕ್ಕೆ ಉಂಡಿ ಕಟ್ಟಿಕೊಡುತ್ತ ಒಲೆಯ ಮುಂದೆ ಕುಳಿತವಳು ನಾನು. ಸಿಟ್ಟು ಬರುತ್ತದೆಯೋ ಇಲ್ಲವೋ?

ಈ ವರ್ಷ ರೊಟ್ಟಿ ಹಬ್ಬದ ಬೆಳಗ್ಗೆ ಎದ್ದು ಬಚ್ಚಲಿನ ಬಾಗಿಲು ತೆಗೆದೆ. ಬರೀ ಟೈಲ್ಸ್. ಒಂದು ಬಕೆಟ್, ಒಂದು ಚೊಂಬು. ನಮ್ಮ ಮನೆಯವರು ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹಂಡೆಯ ನೀರೆಲ್ಲ ಖಾಲಿಯಾಗುವವರೆಗೆ ಭಜನೆಯ ಪದ ಹಾಡುತ್ತ ಸ್ನಾನ ಮಾಡಿದರು. ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಚ್ಚಲೊಳಗೆ ಇಣುಕಿದಳು. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ರೊಟ್ಟಿ, ಪುಂಡಿಪಲ್ಯ ತಂದಿಟ್ಟೆ. ಮುಟ್ಟಲಿಲ್ಲ.

"ಆಕಿ ಉಡಿ ತುಂಬೂ ಮಟಾ ನನ್ನ ಬಾಯಾಗ ತುತ್ತು ಇಳಿಯೂದಿಲ್ಲ" ಎಂದಳು.

"ಆಕಿ ಬರೂದಿಲ್ಲ ಅತ್ತಿ. ದೂರ ಆತು."

"ದೂರಿದ್ರ ಬಸ್ ಇಲ್ಲೇನ?"

"ಕಲ್ಲಿಗೆ ಬಸ್ಸಾ?" ಎಂದು ನಾನು ರೇಗಿದೆ. ಹಾಗಾದರೆ ಪ್ರತಿವರ್ಷ ಅದು ಯಾವುದರಲ್ಲಿ ಬರುತ್ತಿತ್ತು ಎಂದು ಅವಳು ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಸೆರಗು ಹೊದ್ದು ಮುಖ ಆಚೆ ಮಾಡಿ ಮಲಗಿದಳು.

ಸಂಜೆಯ ಹೊತ್ತಿಗೆ ದುರುಗವ್ವ ಉಂಡಿಯ ತಾಟು ಹಿಡಿದು ಬಂದಳು. ಉಂಡಿ ಕೊಡಲಿಕ್ಕಲ್ಲ, ನೋಡಲಿಕ್ಕೆ.

"ಯಾಕ ಫಕೀರವ್ವಾ, ನಿಮ್ಮ ಮೀಸಿ ಬಂದಿಲ್ಲೇನು? ನಮ್ಮ ಮಣಿ ಉಪ್ಪಿನ ಭರಣ್ಯಾಗ ಸಿಕ್ತವ್ವಾ."

"ನಿಮ್ಮ ಮಣಿ ಸಣ್ಣದು, ಟಿಕೆಟ್ ಬೇಕಾಗಿಲ್ಲ."

"ಹಂಗಲ್ಲ, ಯಾರರ ಕರಿಯಾಕ ಹೋಗಿದ್ರ ಬರ್ತಿದ್ಲೇನೋ. ದೂರ ಕೊಟ್ಟ ಹುಡುಗಿ, ಕರೀದ ಹೆಂಗ ಬರ್ತಾಳ? ಅಣ್ಣ ತಮ್ಮಂದಿರು ಹೋಗಬೇಕಲ್ಲ."

ಅಣ್ಣ ತಮ್ಮಂದಿರು ಎಂದಾಗ ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ತಕ್ಷಣ ಎದ್ದು ಎತ್ತಿಗೆ ನೀರು ಕುಡಿಸಲು ಹೋದರು. ಎತ್ತು ಆಗಲೇ ಕುಡಿದಿತ್ತು.

ಮಾರನೆಯ ದಿನ ನಾಗಪ್ಪನಿಗೆ ಹಾಲೆರೆದು ಬಂದರೂ ಅತ್ತೆ ಬರೀ ನೀರು ಕುಡಿದಳು. ಅವಳ ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಅವಳಿಂದ ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಉಪವಾಸ ಬಿದ್ದು ಸತ್ತರೆ ಊರು ಯಾರನ್ನು ಅನ್ನುತ್ತದೆ? ಕಲ್ಲನ್ನೋ, ಸೊಸೆಯನ್ನೋ? ಎಳ್ಳುಂಡಿ, ಶೇಂಗಾ ಉಂಡಿ, ಖಡಕ್ ರೊಟ್ಟಿ ಬುತ್ತಿ ಕಟ್ಟಿದೆ. ಚೀಲದಲ್ಲಿ ಉಡಿಯ ಅಕ್ಕಿ, ಕೊಬ್ಬರಿ, ಹಸಿರು ಖಣ ತುಂಬಿದೆ. "ಎಲ್ಲಿಗೆ ಹೊಂಟಿ?" ಎಂದು ನಮ್ಮ ಮನೆಯವರು ಕೇಳಿದರು. "ನೀವು ಹೋಗಬೇಕಾದಲ್ಲಿಗೆ" ಎಂದೆ.

ಬಸ್ಸಿನ ವಿಷಯ ಹೇಳುವುದಿಲ್ಲ. ಕಿಟಕಿ ಮುಚ್ಚುತ್ತಿರಲಿಲ್ಲ, ಪಕ್ಕದವನು ನನ್ನ ಹೆಗಲ ಮೇಲೆ ಮಲಗಿದ್ದ. ಬೆಳಗ್ಗೆ ಇಳಿದು ಕೇಳಿಕೊಂಡು ಕೇಳಿಕೊಂಡು ಆ ಮ್ಯೂಸಿಯಂ ಮುಟ್ಟಿದೆ. ಅರಮನೆಯಂಥ ಕಟ್ಟಡ. ಒಳಗೆ ತಂಪು, ಯಾರೂ ಜೋರಾಗಿ ಮಾತಾಡುವುದಿಲ್ಲ. ಉದ್ದನೆಯ ಕೋಣೆಯ ಕೊನೆಯಲ್ಲಿ, ಕೆಂಪು ಹಗ್ಗದ ಆಚೆ, ನಮ್ಮದು ನಿಂತಿತ್ತು. ಮೇಲಿನಿಂದ ದೀಪ ಬಿಟ್ಟಿದ್ದರು. ಒರೆಸಿ ತೊಳೆದಿದ್ದರು. ಅರಿಶಿನದ ಒಂದು ಗುರುತೂ ಇರಲಿಲ್ಲ. ಇಷ್ಟು ವರ್ಷ ನೋಡಿದ ಮೀಸೆ ಅಲ್ಲಿ ನೋಡಿದಾಗ ಯಾಕೋ ಇಳಿಬಿದ್ದಂತೆ ಕಂಡಿತು. ದೀಪದ ನೆರಳಿರಬೇಕು.

ನಾನು ಹಗ್ಗ ದಾಟಿದೆ. ಕಾವಲುಗಾರ ಓಡಿಬಂದ.

"ಅಮ್ಮಾ, ಅಮ್ಮಾ! ಮುಟ್ಟಬಾರದು!"

"ಮುಟ್ಟಬಾರದಂತ! ಇದರ ಬೆನ್ನ ಮ್ಯಾಲ ನಾ ಎಷ್ಟ ಸೀರಿ ಒಗದೀನಿ ಗೊತ್ತೈತೇನ ನಿನಗ? ಹೋಗು, ನಿಮ್ಮ ಸಾಹೇಬನ್ನ ಕರಿ."

ಅವನು ಕರೆಯುವುದೇ ಬೇಡವಾಯಿತು. ನನ್ನ ದನಿಗೇ ಪ್ರಫುಲ್ಲಚಂದ್ರ ಒಳಗಿನಿಂದ ಬಂದ. ನನ್ನ ಗುರುತು ಹಿಡಿದು, ಕೆಂಪು ಚಟ್ನಿ ನೆನಪಾಯಿತೇನೋ, ಮೂಗು ಮುಟ್ಟಿಕೊಂಡ.

"ಏನಮ್ಮಾ ಇಷ್ಟು ದೂರ?"

"ಕರಿಯಾಕ ಬಂದೀನಿ. ನಮ್ಮತ್ತಿ ಊಟ ಬಿಟ್ಟಾಳ. ಕಳಿಸಿಕೊಡ್ರಿ."

"ಇದು ಸರ್ಕಾರದ ವಸ್ತು ಕಣಮ್ಮ. ಹಂಗೆಲ್ಲ ಕಳಿಸೋಕೆ ನಂಗೆ ಅಧಿಕಾರ ಇಲ್ಲ."

"ನಿಮಗ ಎತ್ತಿಕೊಡ್ರಿ ಅಂತ ಯಾರ ಹೇಳಿದ್ರು? ಲಾರಿ ಬ್ಯಾಡ, ಏನೂ ಬ್ಯಾಡ. ಹಾಲಸ್ವಾಮಿಯವರು ಹೂಂ ಅಂದಿದ್ರು, ಅದಕ್ಕ ಬರತಿತ್ತು. ನೀವು ನೋಡೋಣ ಅಂದ್ರಿ. ಬಾಯಿಬಿಟ್ಟ ಒಂದ ಸಲ ಹೂಂ ಅನ್ರಿ, ನಾ ಹೋಗ್ತೀನಿ."

"ಅದ್ಹೇಗೆ ಅನ್ನೋದು? ನಾನು ಅಂದ್ಬಿಟ್ಟು ಅದು ನಿಜವಾಗ್ಲೂ ಹೋಗ್ಬಿಟ್ರೆ?"

ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಅವನು ಆ ಕಡೆ ತಿರುಗಿ ದನಿ ತಗ್ಗಿಸಿದ. ಆ ಕೋಣೆಯಲ್ಲಿ ದನಿ ತಗ್ಗಿಸಿದರೂ ಕೇಳುತ್ತದೆ. "ಹಾಂ... ಗೌರಿ ಹಬ್ಬಕ್ಕಾ? ನಿಮ್ಮಮ್ಮನ ಮನೆಗಾ? ಈಗ್ಲೇ ಹೇಗೆ ಹೇಳ್ಲಿ... ನೋಡೋಣ."

"ಇದ! ಇದ ನೋಡ್ರಿ!" ಎಂದು ನಾನು ಕೂಗಿದೆ. ದನಿ ಗೋಡೆಗೆ ಬಡಿದು ತಿರುಗಿ ಬಂತು. ಶಾಲೆಯ ಮಕ್ಕಳ ಸಾಲೊಂದು ನಿಂತು ನೋಡಿತು. "ಹೆಂಡ್ತಿಗೂ ನೋಡೋಣ, ಕಲ್ಲಿಗೂ ನೋಡೋಣ! ಏನ ನೋಡ್ತೀರಿ ನೀವು? ಇಪ್ಪತ್ತ ವರ್ಷ ಆತು, ನಮ್ಮಣ್ಣನೂ ನೋಡಾಕತ್ತಾನ! ನೋಡ್ರಿ, ನಾನೂ ಇಲ್ಲೇ ಕೂಡ್ತೀನಿ, ನೀವು ನೋಡ್ಕೋತ ಕೂಡ್ರಿ!"

ಹೇಳಿದ ಹಾಗೆಯೇ ಕಲ್ಲಿನ ಬುಡದಲ್ಲಿ ಕುಳಿತೆ. ಚೀಲ ಬಿಚ್ಚಿದೆ. ಫೋನಿನೊಳಗಿನಿಂದ ಹೆಂಗಸಿನ ದನಿ, "ಯಾರ್ರೀ ಅದು? ಏನಂತಿದಾರೆ ಅವ್ರು?" ಎಂದು ಕೇಳುತ್ತಿತ್ತು. ಸಾಹೇಬ ಒಂದು ಕಿವಿಗೆ ಫೋನು ಒತ್ತಿ, ಒಂದು ಕೈಯಿಂದ ನನ್ನನ್ನು ಏಳಿ ಏಳಿ ಎಂದು ಸನ್ನೆ ಮಾಡಿ, ಕಾವಲುಗಾರನನ್ನು ಬೈದು, ಮಕ್ಕಳನ್ನು ಮುಂದೆ ಹೋಗಿ ಎಂದು, ಕೊನೆಗೆ ತಡೆಯಲಾರದೆ ಕಿರುಚಿದ.

"ಹೂಂ ಕಣಮ್ಮ, ಹೂಂ! ವರ್ಷಕ್ಕೊಂದ್ಸಲ ಕಳಿಸ್ತೀನಿ! ಈಗ ಹೋಗಮ್ಮ ತಾಯಿ!"

ಫೋನಿನ ದನಿ, "ಅಬ್ಬಾ, ಇದನ್ನೇ ಮೊದ್ಲೇ ಹೇಳೋಕೇನಾಗಿತ್ತು?" ಎಂದಿತು. ತನಗೇ ಹೇಳಿದ್ದೆಂದು ಅವನ ಹೆಂಡತಿ ತಿಳಿದುಕೊಂಡಳು. ನಾನು ಚೀಲದಿಂದ ಒಂದು ಎಳ್ಳುಂಡಿ ತೆಗೆದು ಸಾಹೇಬನ ಕೈಗಿಟ್ಟೆ. ಹೊರಡುವ ಮೊದಲು ಕಲ್ಲಿನ ಕಿವಿಯ ಹತ್ತಿರ ಬಗ್ಗಿ ಬೈದೆ. "ಕರಿಯಾಕ ಬಂದೀನಿ. ಯಾರರ ಬಂದು ಕರದ್ರ ನಾ ಆಗಿದ್ರ ಓಡಿ ಹೋಗತಿದ್ದೆ. ಬಿಂಕ ಮಾಡಬ್ಯಾಡ, ಬಾ." ಬುತ್ತಿ ಅಲ್ಲೇ ಬಿಟ್ಟರೆ ಕಾವಲುಗಾರ ತಿನ್ನುತ್ತಾನೆಂದು ವಾಪಸ್ ತಂದೆ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಟಿಕೆಟ್ಟಿಲ್ಲದ ಕಲ್ಲನ್ನು ಕರೆಯಲು ಟಿಕೆಟ್ ಕೊಂಡು ಹೋಗಿ, ಮಕ್ಕಳ ಮುಂದೆ ನೆಲದ ಮೇಲೆ ಕುಳಿತು ಬಂದೆ. ಬೈದು ಹೂಂ ಅನ್ನಿಸಿದ್ದು ಹೂಂ ಅಂತಾಗುತ್ತದೆಯೇ? ಹಬ್ಬವೂ ಮುಗಿದಿತ್ತು. ಮನೆಗೆ ಹೋದರೆ ಮುದುಕಿ ಇರುತ್ತಾಳೋ ಇಲ್ಲವೋ ಎಂದುಕೊಳ್ಳುತ್ತ, ಬಸ್ಸು ನಿಂತಲ್ಲೆಲ್ಲ ಇನ್ನೆಷ್ಟು ದೂರವೆಂದು ಕಂಡಕ್ಟರನನ್ನು ಕೇಳಿದೆ.

ಓಣಿಯ ತಿರುವಿಗೆ ಬಂದಾಗ ಬೆಳಕಾಗಿತ್ತು. ನಮ್ಮ ಅಂಗಳದಲ್ಲಿ, ಪಟ್ಟಾಪಟ್ಟಿ ಚಡ್ಡಿಯಲ್ಲಿ, ನಮ್ಮ ಮನೆಯವರು ಬಕೆಟ್ಟಿನ ಮುಂದೆ ಕುಳಿತು ನಡುಗುತ್ತ ನೀರು ಹೊಯ್ದುಕೊಳ್ಳುತ್ತಿದ್ದರು. ನನ್ನನ್ನು ನೋಡಿದ್ದೇ, "ಕರಕೊಂಡ ಬಂದಿ? ಆತಲ್ಲ ಸಮಾಧಾನ? ಹಂಡೆ ಒಳಗ ಐತಿ, ಆಕಿ ಅಡ್ಡ ನಿಂತಾಳ, ಬಿಸಿನೀರಿಗೂ ಗತಿಯಿಲ್ಲ!" ಎಂದು ಕೂಗಿದರು.

ನಾನು ಉತ್ತರ ಕೊಡದೆ ಒಳಗೆ ಓಡಿದೆ. ಬಚ್ಚಲಿನ ಹೊಸ್ತಿಲ ಮೇಲೆ ಅತ್ತೆ ಕುಳಿತಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಚೂರು, ಇನ್ನೊಂದು ಕೈಯಲ್ಲಿ ಬೆಣ್ಣೆ. ರೊಟ್ಟಿಗೆ ಹಚ್ಚಿಕೊಂಡು ಉಳಿದದ್ದನ್ನು ಮೀಸೆಗೆ ಹಚ್ಚುತ್ತಿದ್ದಳು. ಕಲ್ಲಿನ ಮೇಲೆ ದಾರಿಯ ಧೂಳು ಕೆಂಪಗೆ ಕುಳಿತಿತ್ತು. ಉಡಿಯಲ್ಲಿ ಹಳೆಯ ಖಣ ಇಟ್ಟಿದ್ದಳು. ನನ್ನ ಚೀಲದ ಹಸಿರು ಖಣಕ್ಕೆ ಕಾಯುತ್ತಿದ್ದಳೇನೋ.

"ಹೊಸಾದು ತಂದೀಯಿಲ್ಲ, ಕೊಡು" ಎಂದಳು. ನಾನು ಹೋಗಿಬಂದದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ಖಣ ತೆಗೆದು ಕೊಟ್ಟೆ. ಅದನ್ನು ಕಲ್ಲಿಗೆ ಏರಿಸಿ, ಕೈ ಒರೆಸಿಕೊಂಡು, "ಫೋನ್ ಹಚ್ಚು" ಎಂದಳು.

"ಯಾರಿಗೆ?"

"ನಿಮ್ಮಣ್ಣಗ."

"ಅವಂಗ ಯಾಕ?"

"ಹಚ್ಚು ಅಂದ್ರ ಹಚ್ಚು."

ಹಚ್ಚಿಕೊಟ್ಟೆ. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ಪಾತ್ರೆ ಸದ್ದು ಮಾಡಿದೆ, ನನಗೇನೂ ಕೇಳಿಸಬಾರದೆಂದು. ಕೇಳಿಸಿತು.

"ಈಶಪ್ಪಾ, ನಾ ಬಸಲಿಂಗವ್ವ. ನಮ್ಮನ್ಯಾಗ ಕಲ್ಲ ಸುದ್ದಾ ತವರಿಗೆ ಬರತೈತಿ. ಅದನ್ನ ಕರಿಯಾಕ ನಿನ್ನ ತಂಗಿ ರಾಜಧಾನಿಗೆ ಹೋಗಿ ಬಂದ್ಲು. ಆಕಿನ್ನ ಕರಿಯಾಕ ನೀ ಬರತೀಯೋ ಇಲ್ಲೋ?"

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಅತ್ತೆ ಫೋನು ನೆಲಕ್ಕಿಟ್ಟು ರೊಟ್ಟಿ ಅಗಿಯತೊಡಗಿದ್ದು ಕೇಳಿತು. ಹಲ್ಲಿಲ್ಲದವಳು, ಅಗಿಯುವುದಕ್ಕೆ ಅರ್ಧ ದಿನ ಬೇಕು. ನನಗೆ ತಡೆಯಲಾಗಲಿಲ್ಲ.

"ಏನಂದ?"

"ಹೂಂ ಅಂದ."

"ನೋಡೋಣ ಅನ್ನಲಿಲ್ಲಾ?"

"ಅನ್ನಾಕ ಹೊಂಟಿದ್ದ" ಎಂದಳು ಅತ್ತೆ. "ನೋ ಅಂದಿದ್ದ, ಅಲ್ಲೇ ಹಿಡದೆ."

ಹೊರಗೆ ನಮ್ಮ ಮನೆಯವರು ಟವೆಲ್ಲು ತಾ ಎಂದು ಕೂಗುತ್ತಿದ್ದರು. ಅವರೇ ಎದ್ದು ತಗೊಳ್ಳಲಿ. ನಾನು ಟ್ರಂಕಿನ ಮುಚ್ಚಳ ತೆಗೆದು, ತವರಿಗೆ ಉಟ್ಟುಕೊಂಡು ಹೋಗುವಂಥ ಸೀರೆ ನನ್ನ ಹತ್ತಿರ ಒಂದಾದರೂ ಇದೆಯೇ ಎಂದು ಹುಡುಕುತ್ತಿದ್ದೆ.